ನಿಮ್ಮ ಕೌನ್ಸೆಲಿಂಗ್ ಕೋಣೆಯ ಪ್ರಶ್ನೆಗೆ ಸಂಶೋಧನಾ ಅನುದಾನ ಕೇಳುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದಲ್ಲಿ ಕೌನ್ಸೆಲಿಂಗ್ ಮಾಡುವವರಿಗೆ ಇದು ಗೊತ್ತಿರುವ ಸಂಗತಿ. ಜಗಳೂರು, ಮೊಳಕಾಲ್ಮೂರು ಕಡೆಯಿಂದ ಬರುವ ಎಷ್ಟೋ ಹೆಣ್ಣುಮಕ್ಕಳು ‘ಬೇಜಾರು’ ಎಂದು ಮಾತು ಶುರು ಮಾಡುವುದಿಲ್ಲ. ‘ಎದೆ ಉರಿತೈತಿ, ತಲೆ ಜುಮ್ ಅಂತೈತಿ’ ಎನ್ನುತ್ತಾರೆ. ಖಿನ್ನತೆ ಅಳೆಯಲು ನಾವು ಬಳಸುವ ಪಿಎಚ್‌ಕ್ಯೂ-9ರ ಒಂಬತ್ತು ಪ್ರಶ್ನೆಗಳಲ್ಲಿ ನಿದ್ದೆ ಇದೆ, ಸುಸ್ತು ಇದೆ, ಹಸಿವು ಇದೆ. ಎದೆ ಉರಿ ಇಲ್ಲ. ಹಾಗಾದರೆ 27ಕ್ಕೆ ಇವರಿಗೆ ಬರುವ ಅಂಕವನ್ನು ಎಷ್ಟು ನಂಬಬಹುದು?

ಸಂಶೋಧನೆ ಶುರುವಾಗುವುದು ಇಂಥ ಕಡೆಯಿಂದಲೇ. ಇಂಥ ಪ್ರಶ್ನೆ ದೊಡ್ಡ ಊರಿನ ಪ್ರೊಫೆಸರ್‌ಗಿಂತ ನಿಮ್ಮ ಹತ್ತಿರ ಜಾಸ್ತಿ ಇದೆ.

ಮೊದಲು ಆ ಪ್ರಶ್ನೆಯನ್ನು ಎರಡು ಸಾಲಿಗೆ ಇಳಿಸಿ. ‘ಗ್ರಾಮೀಣ ಮಹಿಳೆಯರ ಮಾನಸಿಕ ಆರೋಗ್ಯ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾರು, ಯಾವ ತಾಲ್ಲೂಕು, ಏನನ್ನು ಅಳೆಯುತ್ತೀರಿ, ಎಷ್ಟು ತಿಂಗಳು ಎಂದು ಬರೆಯಿರಿ. ‘ಇಲ್ಲೇ ಯಾಕೆ’ ಎಂಬ ಪ್ರಶ್ನೆಗೂ ಉತ್ತರ ಇರಲಿ. ಪಕ್ಕದ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ಬಯಲುಸೀಮೆಯ ಜಿಲ್ಲೆಗಳು ಸಂಶೋಧನೆಗೆ ಹೊಸವೇನಲ್ಲ.

ಮುಂದಿನದು ಸಂಸ್ಥೆ. ಸರ್ಕಾರಿ ಅನುದಾನ ಸಾಮಾನ್ಯವಾಗಿ ಸಂಸ್ಥೆಯ ಖಾತೆಗೆ ಬರುತ್ತದೆ, ನಿಮ್ಮ ಕ್ಲಿನಿಕ್ಕಿನ ಖಾತೆಗಲ್ಲ. ಸ್ವಂತ ಪ್ರಾಕ್ಟೀಸ್ ಇರುವವರು ಅಂಥ ಸಂಸ್ಥೆಯವರ ಜೊತೆ ಸಹ-ಸಂಶೋಧಕರಾಗಿ ಸೇರಿಕೊಳ್ಳುವುದು ಸುಲಭದ ದಾರಿ. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯ ಇದೆ, ಎರಡೂ ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಮನೋವೈದ್ಯ ವಿಭಾಗದ ಬಾಗಿಲಿಗೆ ಸುಮ್ನೆ ಹೋಗಿ ಒಮ್ಮೆ ಮಾತಾಡಿ. ಕೈಯಲ್ಲಿ ಆ ಎರಡು ಸಾಲು ಇದ್ದರೆ ಮಾತು ಬೇಗ ಕೂಡಿಬರುತ್ತದೆ.

ಹಣ ಎಲ್ಲಿದೆ? ಸಮಾಜ, ಕುಟುಂಬ, ಶಾಲೆಗೆ ಸಂಬಂಧಿಸಿದ ವಿಷಯವಾದರೆ 1969ರಲ್ಲಿ ಶುರುವಾದ ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ನೋಡಿ. ಅಲ್ಲಿ ಕಿರು ಮತ್ತು ದೊಡ್ಡ ಯೋಜನೆಗಳೆಂದು ಎರಡು ಬಗೆ. ಮೊದಲ ಸಲದವರಿಗೆ ಕಿರು ಯೋಜನೆಯೇ ಸರಿ ಎಂಬುದು ನನ್ನ ಅಭಿಪ್ರಾಯ. ಕಾಯಿಲೆ, ಚಿಕಿತ್ಸೆ ವಿಷಯವಾದರೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ). ಅದು ಕಾಯಂ ನೌಕರಿಯಲ್ಲಿರುವ ಮುಖ್ಯ ಸಂಶೋಧಕರನ್ನು ಕೇಳುತ್ತದೆ, ಆದ್ದರಿಂದ ಕಾಲೇಜಿನ ಜೊತೆಗಾರರು ಬೇಕೇ ಬೇಕು. ಯೋಗ, ಧ್ಯಾನದ ಪರಿಣಾಮ ನೋಡುವವರಿಗೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಸತ್ಯಂ’ ಯೋಜನೆ ಇದೆ. ಅರ್ಜಿ ಕರೆಗಳು ವರ್ಷವಿಡೀ ತೆರೆದಿರುವುದಿಲ್ಲ, ತಿಂಗಳಿಗೊಮ್ಮೆ ವೆಬ್‌ಸೈಟ್ ನೋಡುತ್ತಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಅಧ್ಯಯನಕ್ಕೆ ಸೇರುವವರ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯನ್ನು ಓದಿಕೊಂಡೇ ಕೂರಿ. ನಮಗೆ ಇಲ್ಲೊಂದು ವಿಶೇಷ ತೊಡಕಿದೆ. ನಿಮ್ಮ ಹತ್ತಿರ ಅತ್ತು ಹಗುರಾದವರನ್ನು ‘ನನ್ನ ಅಧ್ಯಯನಕ್ಕೆ ಸೇರ್ತೀರಾ?’ ಎಂದು ನೀವೇ ಕೇಳಿದರೆ ಅವರು ಬೇಡ ಎನ್ನುವುದಾದರೂ ಹೇಗೆ? ಒಪ್ಪಿಗೆಯನ್ನು ಬೇರೊಬ್ಬರು ಕೇಳಲಿ. ಬೇಡ ಎಂದರೂ ಕೌನ್ಸೆಲಿಂಗ್ ನಿಲ್ಲುವುದಿಲ್ಲ ಎಂಬ ಸಾಲು ಫಾರಂನಲ್ಲಿ ದೊಡ್ಡ ಅಕ್ಷರದಲ್ಲಿರಲಿ. ಓದಲು ಬಾರದವರಿಗೆ ಅದನ್ನು ಓದಿ ಹೇಳಿ, ಸಾಕ್ಷಿಯ ಎದುರು ಹೆಬ್ಬೆಟ್ಟು ಪಡೆಯಿರಿ. ಚಿಕಿತ್ಸೆಯ ಪರಿಣಾಮವನ್ನೇ ಪರೀಕ್ಷಿಸುವುದಾದರೆ, ಮೊದಲ ವ್ಯಕ್ತಿ ಸೇರುವ ಮುಂಚೆಯೇ ಚಿಕಿತ್ಸಾ ಪ್ರಯೋಗಗಳನ್ನು ದಾಖಲಿಸುವ ದೇಶದ ನೋಂದಣಿ ತಾಣ ಸಿಟಿಆರ್‌ಐನಲ್ಲಿ ನೋಂದಣಿ ಆಗಿರಬೇಕು.

ಬಜೆಟ್ ಬರೆಯುವಾಗ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಬಸ್ ಚಾರ್ಜು, ಜೆರಾಕ್ಸು, ಕ್ಷೇತ್ರ ಸಹಾಯಕಿಯ ಸಂಬಳ ಎಲ್ಲ ಬರೆದಿದ್ದೆ. ರೆಕಾರ್ಡ್ ಮಾಡಿದ ಮಾತನ್ನು ಅಕ್ಷರಕ್ಕಿಳಿಸುವ ಖರ್ಚನ್ನೇ ಬಿಟ್ಟಿದ್ದೆ. ಒಂದು ಗಂಟೆಯ ಮಾತನ್ನು ಟೈಪ್ ಮಾಡಲು ಐದಾರು ಗಂಟೆ ಬೇಕು, ಅದರಲ್ಲೂ ‘ಜುಮ್ ಅಂತೈತಿ’ ಎನ್ನುವುದನ್ನು ಹಾಗೇ ಉಳಿಸಿ ಬರೆಯಬೇಕು. ಎರಡು ತಿಂಗಳು ರಾತ್ರಿ ಕೂತು ನಾನೇ ಟೈಪ್ ಮಾಡಿದೆ. ಅದಕ್ಕೊಂದು ಸಾಲು, ಇಂಗ್ಲಿಷ್‌ ಅನುವಾದಕ್ಕೊಂದು ಸಾಲು ಬಜೆಟ್ಟಿನಲ್ಲಿ ಇಡಿ. ಸಂಸ್ಥೆಯ ಆಡಳಿತ ವೆಚ್ಚ ಎಷ್ಟೆಂದು ಮೊದಲೇ ಕೇಳಿಕೊಳ್ಳಿ.

ಕೊನೆಗೆ ಉಳಿಯುವುದು ಸಹಿ, ಸೀಲು. ಕೊನೆಯ ದಿನಾಂಕಕ್ಕೆ ಎರಡು ವಾರ ಮೊದಲೇ ಫೈಲನ್ನು ಮುಖ್ಯಸ್ಥರ ಮೇಜಿಗೆ ತಲುಪಿಸಿ. ಪರೀಕ್ಷೆ, ದಸರಾ ರಜೆ ಅಡ್ಡ ಬಂದರೆ ಆ ಎರಡು ವಾರವೂ ಸಾಲದು.