ದಪ್ಪ ಇರೋರು ಸ್ಪೋರ್ಟ್ಸ್ ಸೀಟ್ ಇರೋ ಕಾರ್ ತಗೊಳ್ಳೋ ಮುಂಚೆ ಒಂದ್ಸಲ ಓದ್ರಿ

ನಂದು 108 ಕೆಜಿ, ದಾವಣಗೆರೆಯಿಂದ ಬೆಂಗ್ಳೂರಿಗೆ ತಿಂಗ್ಳಿಗೆ ಎರಡ್ ಸಲ ಹೋಗ್ತೀನಿ, ಹಂಗಾಗಿ ಅನುಭವದ ಮೇಲೆ ಹೇಳ್ತಿದೀನಿ. ಸ್ಪೋರ್ಟ್ಸ್ ಸೀಟಲ್ಲಿ ಎರಡೂ ಕಡೆ ಎದ್ದಿರ್ತಾವಲ್ಲ ಬೋಲ್ಸ್ಟರ್, ಅವು ತಿರುವಲ್ಲಿ ಮೈ ಜಾರದಂಗೆ ಹಿಡ್ಕೊಳ್ಳೋಕೆ ಇರೋದು, ಆದ್ರೆ ನಮ್ಮಂಥೋರಿಗೆ ತೊಡೆ ಪಕ್ಕೆ ಒತ್ತುತಾವೆ, ಶೋರೂಮಲ್ಲಿ ಐದ್ ನಿಮಿಷ ಕೂತ್ರೆ ಗೊತ್ತೇ ಆಗಲ್ಲ, ಚಿತ್ರದುರ್ಗ ದಾಟೋ ಹೊತ್ತಿಗೆ ಕಾಲು ಜೋಮು ಹಿಡಿದಿರುತ್ತೆ. ಅದಕ್ಕೆ ಟೆಸ್ಟ್ ಡ್ರೈವ್ ಕನಿಷ್ಠ ಅರ್ಧ ಗಂಟೆ ಹೈವೇಲೇ ಕೇಳ್ರಿ, ಹಿಂದಿನ ಜೇಬಲ್ಲಿರೋ ಪರ್ಸ್ ತೆಗ್ದು ಕೂತ್ಕೊಳ್ರಿ. ಕೆಲವು ಕಾರಲ್ಲಿ ಬೋಲ್ಸ್ಟರ್ ಅಗಲ ಮಾಡೋ ಬಟನ್ ಇರುತ್ತೆ, ಅದು ಸಿಕ್ರೆ ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ ಅಂತೀನಿ.

ಇನ್ನೊಂದು, ಇದು ಭಾಳ ಮುಖ್ಯ. ಹೊಟ್ಟೆ ತಾಗುತ್ತೆ ಅಂತ ಸೀಟ್ ಬೆಲ್ಟಿನ ಕೆಳಗಿನ ಪಟ್ಟಿನ ಹೊಟ್ಟೆ ಮೇಲೆ ಹಾಕಬೇಡ್ರಿ, ಕೆಳಗೆ ಸೊಂಟದ ಮೂಳೆ ಮೇಲೆ ಬರ್ಬೇಕು. ಎದೆಗೂ ಸ್ಟೇರಿಂಗ್‌ಗೂ 25 ಸೆಂಟಿಮೀಟರ್ ಆದ್ರೂ ಜಾಗ ಇರ್ಲಿ, ಏರ್‌ಬ್ಯಾಗ್ ಬಿಚ್ಕೊಳ್ಳೋ ರಭಸ ಜೋರಿರುತ್ತೆ. ಸ್ಟೇರಿಂಗ್ ಮುಂದೆ ಹಿಂದೆ ಆಗೋ ಕಾರ್ ಆದ್ರೆ ಇದು ಸುಲಭ.

ಮೆತ್ತಗಾಗ್ಲಿ ಅಂತ ದಪ್ಪ ಸೀಟ್ ಕವರ್ ಹಾಕ್ಸೋರು ಇದಾರೆ, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ರೆ ಅದಕ್ಕೆ ಸರಿಹೊಂದೋ ಕವರ್ ಅಷ್ಟೇ ಹಾಕ್ಸ್ರಿ, ಅಂಥ ಕವರ್ ಸಿಗ್ಲಿಲ್ಲಾಂದ್ರೆ ಬೇಡ್ವೇ ಬೇಡ.