ಹೊಸ ಗುರಿ ಬರೆಯುವ ಮುನ್ನ ಹಳೆಯ ಪಟ್ಟಿ ಹುಡುಕಿ

ಮಾರ್ಚ್ ಬಂತೆಂದರೆ ಎಲ್ಲ ಕಡೆ ಲೆಕ್ಕ ಮುಗಿಸುವ ಗಡಿಬಿಡಿ. ಬ್ಯಾಂಕಿನವರು, ಅಂಗಡಿಯವರು, ಆಫೀಸಿನವರು 31ನೇ ತಾರೀಖಿನೊಳಗೆ ಹಳೆಯ ಖಾತೆ ಮುಗಿಸಿ ಏಪ್ರಿಲ್ 1ಕ್ಕೆ ಹೊಸದು ತೆರೆಯುತ್ತಾರೆ. ಯುಗಾದಿಯೂ ಅದರ ಆಸುಪಾಸಿನಲ್ಲೇ ಬರುತ್ತದೆ. ನಮ್ಮ ಸ್ವಂತ ಗುರಿಗಳಿಗೆ ಮಾತ್ರ ಈ ಪದ್ಧತಿ ಇಲ್ಲ. ಹೋದ ವರ್ಷ ಏನು ಅಂದುಕೊಂಡಿದ್ದೆವು, ಅದು ಎಲ್ಲಿಗೆ ಬಂತು ಎಂದು ನೋಡುವುದೇ ಇಲ್ಲ. ಸೀದಾ ಹೊಸ ಡೈರಿ, ಮೊದಲ ಪುಟದಲ್ಲಿ ಅದೇ ಹಳೆಯ ಸಾಲುಗಳು: ತೂಕ ಇಳಿಸಬೇಕು, ದುಡ್ಡು ಉಳಿಸಬೇಕು, ಡ್ರೈವಿಂಗ್ ಕಲಿಯಬೇಕು.

ಹೊಸ ಪಟ್ಟಿ ಬರೆಯಲು ಹತ್ತು ನಿಮಿಷ ಸಾಕು. ಹಳೆಯದನ್ನು ಬಿಚ್ಚಿ ನೋಡಲು ಒಂದು ಭಾನುವಾರದ ಬೆಳಗ್ಗೆ ಬೇಕು. ನನ್ನ ಪ್ರಕಾರ ಈ ಎರಡನೆಯ ಕೆಲಸ ಆಗದಿದ್ದರೆ ಮೊದಲನೆಯದು ಸುಮ್ನೆ ದಂಡ. ಅದನ್ನು ಮಾಡುವ ಕ್ರಮ ಇಲ್ಲಿದೆ.

1. ನೆನಪನ್ನು ನಂಬಬೇಡಿ, ದಾಖಲೆ ತೆಗೆಯಿರಿ

ಹೋದ ವರ್ಷ ಏನು ಅಂದುಕೊಂಡಿದ್ದೆ ಎಂದು ಕೇಳಿದರೆ ಮನಸ್ಸು ತಕ್ಷಣ ಏನೋ ಒಂದು ಉತ್ತರ ಕೊಡುತ್ತದೆ. ಅದು ಪೂರ್ತಿ ನಿಜವಾಗಿರುವುದಿಲ್ಲ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಹೋದರು. ಅದಕ್ಕೆ ಮೊದಲು ಬಾರೂಕ್ ಫಿಶಾಫ್ ಮತ್ತು ರೂತ್ ಬೇತ್ ಎಂಬ ಸಂಶೋಧಕರು ವಿದ್ಯಾರ್ಥಿಗಳನ್ನು ಕೇಳಿದ್ದರು: ನಿಕ್ಸನ್ ಚೀನಾದ ನಾಯಕ ಮಾವೋ ಅವರನ್ನು ಭೇಟಿಯಾಗುವ ಸಾಧ್ಯತೆ ಎಷ್ಟು, ಇನ್ನೊಂದು ಆಗುವ ಸಾಧ್ಯತೆ ಎಷ್ಟು, ಹೀಗೆ. ಪ್ರವಾಸ ಮುಗಿದ ಮೇಲೆ, ನೀವು ಆಗ ಏನು ಹೇಳಿದ್ದಿರಿ ನೆನಪಿಸಿಕೊಳ್ಳಿ ಎಂದರು. ನಿಜವಾಗಿ ನಡೆದ ಘಟನೆಗಳ ಬಗ್ಗೆ ತಾವು ಮೊದಲೇ ಹೆಚ್ಚು ಖಾತ್ರಿಯಾಗಿ ಹೇಳಿದ್ದೆವು ಎಂದೇ ಬಹಳಷ್ಟು ಜನರ ನೆನಪು! 1975ರಲ್ಲಿ ಪ್ರಕಟವಾದ ಅಧ್ಯಯನ ಇದು. 'ನಂಗೆ ಮೊದಲೇ ಗೊತ್ತಿತ್ತು' ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ, ಅಲ್ವಾ?

ಆದ್ದರಿಂದ ಹಳೆಯ ಡೈರಿ ಇದ್ದರೆ ತೆಗೆಯಿರಿ. ಇಲ್ಲದಿದ್ದರೂ ಗಾಬರಿ ಬೇಡ. ಜನವರಿಯಲ್ಲಿ ಗೆಳೆಯರಿಗೆ ಕಳಿಸಿದ ವಾಟ್ಸ್ಆ್ಯಪ್ ಮೆಸೇಜು, ಬ್ಯಾಂಕ್ ಪಾಸ್‌ಬುಕ್, ಯುಪಿಐ ಪಾವತಿಗಳ ಪಟ್ಟಿ, ಫೋನಿನಲ್ಲಿ ದಾಖಲಾದ ಹೆಜ್ಜೆಗಳ ಲೆಕ್ಕ, ಜಿಮ್‌ಗೆ ಕಟ್ಟಿದ ರಸೀದಿ ಎಲ್ಲವೂ ಸಾಕ್ಷಿಯೇ. ಫೋಟೊ ಗ್ಯಾಲರಿ ಕೂಡ ಸಹಾಯ ಮಾಡುತ್ತದೆ. ಯಾವ ತಿಂಗಳು ಮದುವೆ ಓಡಾಟದಲ್ಲಿ ಕಳೆಯಿತು, ಯಾವ ತಿಂಗಳು ಆಸ್ಪತ್ರೆಯಲ್ಲಿ ಕಳೆಯಿತು ಎಂದು ಅದು ತಾರೀಖಿನ ಸಮೇತ ಹೇಳುತ್ತದೆ.

2. ಮೂರು ಕಾಲಂ ಹಾಕಿ

ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ಅಂದುಕೊಂಡಿದ್ದು, ಎರಡನೆಯದರಲ್ಲಿ ಆಗಿದ್ದು. ಮೂರನೆಯದರಲ್ಲಿ, ಅದು ಯಾವ ತಿಂಗಳು ಅಥವಾ ಯಾವ ವಾರ ನಿಂತುಹೋಯಿತು ಎಂದು ಬರೆಯಿರಿ. ಯಾಕೆ ನಿಂತಿತು ಎಂಬುದು ಸದ್ಯಕ್ಕೆ ಬೇಡ. ಕಾರಣ ಬರೆಯಲು ಶುರು ಮಾಡಿದ ಕೂಡಲೇ ನಾವು ನಮ್ಮ ಪರವಾಗಿ ವಾದ ಮಾಡುವ ವಕೀಲರಾಗಿಬಿಡುತ್ತೇವೆ.

ಒಂದು ಮನೆಯ ಉದಾಹರಣೆ ನೋಡೋಣ. ತಿಂಗಳಿಗೆ 5,000 ರೂಪಾಯಿಯಂತೆ ವರ್ಷಕ್ಕೆ 60,000 ಉಳಿಸುವ ಗುರಿ ಇತ್ತು. ಉಳಿದಿದ್ದು 38,000. ಇಷ್ಟನ್ನೇ ನೋಡಿದರೆ 'ಶಿಸ್ತು ಸಾಲದು' ಅನ್ನಿಸುತ್ತದೆ. ಪಾಸ್‌ಬುಕ್ ಬೇರೆಯೇ ಕಥೆ ಹೇಳುತ್ತದೆ. ಏಳು ತಿಂಗಳು ಪೂರ್ತಿ 5,000 ಜಮಾ ಆಗಿದೆ. ಒಂದು ತಿಂಗಳು 3,000. ಉಳಿದ ನಾಲ್ಕು ತಿಂಗಳು ಸೊನ್ನೆ. ಆ ನಾಲ್ಕು ಯಾವುವು ಎಂದರೆ ಜೂನ್, ಜುಲೈ, ಅಕ್ಟೋಬರ್, ನವೆಂಬರ್. ಮೊದಲೆರಡು ಸ್ಕೂಲ್ ಫೀಸು, ಪುಸ್ತಕ, ಯೂನಿಫಾರಂ. ಕೊನೆಯೆರಡು ದಸರಾ ಮತ್ತು ದೀಪಾವಳಿ, ಜೊತೆಗೆ ಊರಿಗೆ ಹೋಗಿಬಂದ ಖರ್ಚು.

ಇಲ್ಲಿ ಶಿಸ್ತಿನ ಕೊರತೆ ಎಲ್ಲಿದೆ ಹೇಳಿ? ಹನ್ನೆರಡು ತಿಂಗಳೂ ಒಂದೇ ಥರ ಇರುತ್ತವೆ ಎಂದು ಯೋಜನೆ ಹಾಕಿದ್ದೇ ಎಡವಟ್ಟು. ಶಾಲೆ ಜೂನ್ ಹೊತ್ತಿಗೆ ಶುರುವಾಗುತ್ತದೆ, ದೀಪಾವಳಿ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಬರುತ್ತದೆ ಎಂಬುದು ಹೊಸ ಸುದ್ದಿಯೇನಲ್ಲವಲ್ಲ.

3. ಕಾರಣವನ್ನು ಬಿಡಿಬಿಡಿಯಾಗಿ ನೋಡಿ

ಈ ಹಂತಕ್ಕೆ ಚಂದ್ರಯಾನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸ್ವಲ್ಪ ವಿವರವಾಗಿ ನೋಡೋಣ, ಯಾಕೆಂದರೆ ಸೋತ ಗುರಿಯನ್ನು ಮರುಪರಿಶೀಲಿಸುವುದು ಹೇಗೆ ಎಂಬುದು ಇಲ್ಲಿ ಪೂರ್ತಿಯಾಗಿ ಕಾಣುತ್ತದೆ.

ಚಂದ್ರಯಾನ-2 ಹಾರಿದ್ದು 2019ರ ಜುಲೈ 22ರಂದು. ಸೆಪ್ಟೆಂಬರ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಬೇಕಿತ್ತು. ನೆಲಕ್ಕೆ ಸುಮಾರು 2 ಕಿ.ಮೀ. ಇರುವಾಗ ಸಂಪರ್ಕ ಕಡಿಯಿತು. ಬೆಂಗಳೂರಿನ ಪೀಣ್ಯದ ಕೇಂದ್ರದಿಂದ ಟಿವಿಯಲ್ಲಿ ನೇರ ಪ್ರಸಾರ ನೋಡುತ್ತಿದ್ದವರಿಗೆಲ್ಲ ಆ ರಾತ್ರಿ ನೆನಪಿರುತ್ತದೆ.

ಇಸ್ರೊ ಆಮೇಲೆ 'ಇಳಿಯುವುದು ಕಷ್ಟ' ಎಂದು ಒಂದೇ ಸಾಲು ಬರೆದು ಸುಮ್ಮನಾಗಲಿಲ್ಲ. ಅಂದಿನ ಅಧ್ಯಕ್ಷ ಎಸ್. ಸೋಮನಾಥ್ 2023ರಲ್ಲಿ ಮೂರು ಕಾರಣಗಳನ್ನು ಬಿಡಿಸಿ ಹೇಳಿದರು. ಒಂದು, ಲ್ಯಾಂಡರಿನ ಐದು ಎಂಜಿನ್‌ಗಳು ಅಂದಾಜಿಗಿಂತ ಜಾಸ್ತಿ ಬಲ ಕೊಟ್ಟವು, ಸಣ್ಣ ಸಣ್ಣ ತಪ್ಪುಗಳು ಒಂದರ ಮೇಲೊಂದು ಸೇರಿಕೊಂಡವು. ಎರಡು, ಅದನ್ನು ಸರಿಪಡಿಸಲು ಲ್ಯಾಂಡರ್ ಬೇಗ ತಿರುಗಬೇಕಿತ್ತು, ಆದರೆ ತಿರುಗುವ ವೇಗಕ್ಕೆ ಸಾಫ್ಟ್‌ವೇರ್ ಮಿತಿ ಹಾಕಿತ್ತು. ಮೂರು, ಇಳಿಯಲು ಗೊತ್ತುಮಾಡಿದ್ದ ಜಾಗ ಕೇವಲ 500 ಮೀಟರ್ ಉದ್ದ, 500 ಮೀಟರ್ ಅಗಲ. ನೆಲ ಹತ್ತಿರ ಬಂದರೂ ಆ ಪುಟ್ಟ ಜಾಗವನ್ನೇ ಮುಟ್ಟಬೇಕೆಂದು ಲ್ಯಾಂಡರ್ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಯಿತು.

ಒಂದೊಂದು ಕಾರಣಕ್ಕೂ ಚಂದ್ರಯಾನ-3ರಲ್ಲಿ ಒಂದೊಂದು ಉತ್ತರ ಸಿಕ್ಕಿತು. ಐದು ಎಂಜಿನ್ ಹೋಗಿ ನಾಲ್ಕಾಯಿತು. ಇಳಿಯುವ ಜಾಗ ಸುಮಾರು 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲಕ್ಕೆ ಹಿಗ್ಗಿತು. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನೆಲಕ್ಕೆ ತಾಗಿದರೂ ತಡೆಯುವಷ್ಟು ಕಾಲುಗಳು ಗಟ್ಟಿಯಾದವು. ಇಂಧನವೂ ಹೆಚ್ಚಾಯಿತು. 'ಏನೇನು ಕೈಕೊಡಬಹುದು, ಕೈಕೊಟ್ಟರೂ ಇಳಿಯುವುದು ಹೇಗೆ' ಎಂಬ ಪ್ರಶ್ನೆಯಿಂದಲೇ ವಿನ್ಯಾಸ ಶುರುವಾಯಿತು. 2023ರ ಆಗಸ್ಟ್ 23ರ ಸಂಜೆ ಲ್ಯಾಂಡರ್ ಮೆಲ್ಲಗೆ ಇಳಿಯಿತು.

ಎರಡು ಸಂಗತಿಗಳನ್ನು ಗಮನಿಸಿ. ಗುರಿ ಬದಲಾಗಲಿಲ್ಲ. ದಕ್ಷಿಣ ಧ್ರುವದ ಕಡೆ ಮೆಲ್ಲಗೆ ಇಳಿಯಬೇಕು ಎಂಬುದು ಹಾಗೆಯೇ ಉಳಿಯಿತು. ಇನ್ನೊಂದು, ಚಂದ್ರಯಾನ-2ರ ಆರ್ಬಿಟರ್ ಚಂದ್ರನನ್ನು ಸುತ್ತುತ್ತಾ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಅಂಥದ್ದೇ ಇನ್ನೊಂದನ್ನು ಮತ್ತೆ ಕಳಿಸಲಿಲ್ಲ, ಹೊಸ ಲ್ಯಾಂಡರ್ ಹಳೆಯದರ ಜೊತೆಗೇ ಸಂಪರ್ಕ ಸಾಧಿಸಿತು. ಸೋತ ಗುರಿಯಲ್ಲೂ ಉಳಿದುಕೊಂಡ ಒಂದು ಭಾಗ ಇರುತ್ತದೆ. ವಾಕಿಂಗ್ ನಿಂತಿರಬಹುದು, ಬೆಳಗ್ಗೆ ಐದೂವರೆಗೆ ಏಳುವ ಅಭ್ಯಾಸ ಉಳಿದಿರಬಹುದು. ಅದನ್ನು ಹಾಳೆಯಲ್ಲಿ ಬೇರೆಯಾಗಿ ಬರೆದುಕೊಳ್ಳಿ.

ಈಗ ನಿಮ್ಮ ಮೂರನೆಯ ಕಾಲಂಗೆ ಬನ್ನಿ. ಪ್ರತಿ ಗುರಿಯ ಮುಂದೆ ಕನಿಷ್ಠ ಎರಡು ಕಾರಣ ಬರೆಯಿರಿ. 'ಸೋಮಾರಿತನ', 'ಟೈಮ್ ಸಿಗಲಿಲ್ಲ' ಎಂಬ ಎರಡು ಪದಗಳಿಗೆ ಪ್ರವೇಶವಿಲ್ಲ. ಅವು ಯಾವ ಗುರಿಗಾದರೂ ಹೊಂದುತ್ತವೆ, ಹಾಗಾಗಿ ಏನನ್ನೂ ಹೇಳುವುದಿಲ್ಲ. 'ಜುಲೈನಲ್ಲಿ ಮಳೆ ಹಿಡಿಯಿತು, ಪಾರ್ಕಿಗೆ ಹೋಗಲಾಗಲಿಲ್ಲ, ಮನೆಯೊಳಗೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ' ಎಂದು ಬರೆದರೆ ಅದಕ್ಕೊಂದು ಉತ್ತರ ಹುಡುಕಬಹುದು.

4. ಗೆದ್ದ ಗುರಿಯನ್ನೂ ಬಿಡಬೇಡಿ

ಸಾಲ ತೀರಿತು ಎಂದರೆ ಖುಷಿ. ಆದರೆ ಅದು ತೀರಿದ್ದು ತಿಂಗಳ ಲೆಕ್ಕದಿಂದಲಾ, ಅಥವಾ ಆ ವರ್ಷ ಬಂದ ಬೋನಸ್‌ನಿಂದಲಾ? ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಗೆದ್ದ ಗುರಿಯನ್ನು ರೇಟು ಬಿದ್ದ ವರ್ಷಕ್ಕೂ ಹಾಗೇ ಇಟ್ಟುಕೊಳ್ಳಲು ಆಗುವುದಿಲ್ಲ. ಅದೃಷ್ಟದ ಪಾಲನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ.

ಹಾಗೆಯೇ, ಯಾವ ಗುರಿ ನಿಮ್ಮದೇ ಆಗಿರಲಿಲ್ಲ ಎಂಬುದೂ ಈಗ ಗೊತ್ತಾಗುತ್ತದೆ. ಮೂರು ವರ್ಷದಿಂದ ಪಟ್ಟಿಯಲ್ಲಿದ್ದು, ಒಂದು ದಿನವೂ ಶುರುವಾಗದ ಗಿಟಾರ್ ಕ್ಲಾಸನ್ನು ನಾಚಿಕೆಯಿಲ್ಲದೆ ಹೊಡೆದುಹಾಕಿ.

5. ನಿಮ್ಮ ಅಂದಾಜು ಎಷ್ಟು ತಪ್ಪುತ್ತದೆ, ಲೆಕ್ಕ ಹಾಕಿ

ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನಕ್ಕೆ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ ಉತ್ತರ 33.9 ದಿನ. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂದು ಕೇಳಿದಾಗ 48.6 ಎಂದರು. ನಿಜವಾಗಿ ಹಿಡಿದಿದ್ದು 55.5 ದಿನ. ಅಂದರೆ 'ಎಲ್ಲವೂ ಕೆಟ್ಟರೆ' ಎಂಬ ಅಂದಾಜನ್ನೂ ಮೀರಿತು. ಹೀಗೆ ಅಂದಾಜು ತಪ್ಪುವ ಗುಣಕ್ಕೆ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ 'ಪ್ಲಾನಿಂಗ್ ಫ್ಯಾಲಸಿ' ಎಂದು ಹೆಸರು ಕೊಟ್ಟಿದ್ದರು. ಅವರು ಸೂಚಿಸಿದ ದಾರಿ ಸರಳ: ಈ ಸಲದ ಕೆಲಸವನ್ನಷ್ಟೇ ನೋಡಬೇಡಿ, ಇಂಥದ್ದೇ ಕೆಲಸಕ್ಕೆ ಹಿಂದೆ ಎಷ್ಟು ಹಿಡಿದಿತ್ತು ನೋಡಿ.

ನಿಮ್ಮ ಹಾಳೆಯಲ್ಲಿ ಆ ಲೆಕ್ಕ ಈಗಾಗಲೇ ಇದೆ. ಆರು ತಿಂಗಳು ಅಂದುಕೊಂಡ ಕೆಲಸಕ್ಕೆ ಒಂಬತ್ತು ಹಿಡಿದಿದ್ದರೆ ನಿಮ್ಮ ಗುಣಕ ಒಂದೂವರೆ. ಮೂರ್ನಾಲ್ಕು ಗುರಿಗಳಿಗೆ ಹೀಗೆ ಲೆಕ್ಕ ಹಾಕಿದರೆ ಸುಮಾರಾಗಿ ಒಂದು ಅಂಕಿ ಸಿಗುತ್ತದೆ. ಈ ವರ್ಷದ ಅಂದಾಜನ್ನೆಲ್ಲ ಅದರಿಂದ ಗುಣಿಸಿ. ಮನೆ ಕಟ್ಟಿಸಲು ಹೊರಟವರು ತಮ್ಮ ಗುಣಕವನ್ನು ಮಾತ್ರವಲ್ಲ, ಮೇಸ್ತ್ರಿಯ ಗುಣಕವನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

6. ಈಗ ಹೊಸ ಪಟ್ಟಿ ಬರೆಯಿರಿ

ಇಷ್ಟು ಹೊತ್ತಿಗೆ ಹೊಸ ಪಟ್ಟಿ ತಾನಾಗಿಯೇ ಚಿಕ್ಕದಾಗಿರುತ್ತದೆ. ಮೂರು ಗುರಿ ಸಾಕು. ಹತ್ತು ಗುರಿ ಬರೆಯುವವರಿಗೆ ಹಳೆಯ ಹಾಳೆಯನ್ನೇ ಇನ್ನೊಮ್ಮೆ ತೋರಿಸಬೇಕು.

ಮೇಲಿನ ಉಳಿತಾಯದ ಮನೆಯವರು ಈ ಸಲ ಎಂಟು ತಿಂಗಳಿಗೆ ಮಾತ್ರ ಲೆಕ್ಕ ಇಡಬಹುದು. ತಿಂಗಳಿಗೆ 6,000ದಂತೆ 48,000. ಜೂನ್, ಜುಲೈ, ಅಕ್ಟೋಬರ್, ನವೆಂಬರ್ ತಿಂಗಳುಗಳಿಗೆ ಬೇಕೆಂದೇ ಸೊನ್ನೆ. 60,000ದ ಆಸೆಗಿಂತ ಇದು ಕಡಿಮೆ, ನಿಜ. ಹೋದ ವರ್ಷ ಕೈಗೆ ಬಂದದ್ದಕ್ಕಿಂತ 10,000 ಜಾಸ್ತಿ. ಹೀಗೆ ಏರುಪೇರಾಗಿ ಕಟ್ಟುವವರಿಗೆ ಅಂಚೆ ಕಚೇರಿಯ ಆರ್‌ಡಿ ಹೊಂದುವುದಿಲ್ಲ. ಅಲ್ಲಿ ಪ್ರತಿ ತಿಂಗಳೂ ಅಷ್ಟೇ ಕಂತು ಕಟ್ಟಬೇಕು, ತಪ್ಪಿದರೆ 100 ರೂಪಾಯಿಗೆ 1 ರೂಪಾಯಿ ದಂಡ. ಬೇರೆ ಉಳಿತಾಯ ಖಾತೆಯೊಂದನ್ನು ಇದಕ್ಕಾಗಿಯೇ ಇಟ್ಟುಕೊಳ್ಳುವುದು ವಾಸಿ.

ಪ್ರತಿ ಗುರಿಯ ಕೆಳಗೆ 'ಹೀಗಾದರೆ ಹೀಗೆ ಮಾಡುತ್ತೇನೆ' ಎಂದು ಒಂದು ಸಾಲು ಸೇರಿಸಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಈ ಬಗೆಯ ಸಾಲುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಬರಿಯ ಆಸೆಗಿಂತ ಸಮಯ, ಜಾಗ ಗೊತ್ತುಮಾಡಿದ ಸಾಲು ಜಾಸ್ತಿ ಕೆಲಸ ಮಾಡುತ್ತದೆ ಎಂದು ಅವರು ತೋರಿಸಿದ್ದಾರೆ. 'ಬೆಳಗ್ಗೆ ಮಳೆ ಇದ್ದರೆ ಸಂಜೆ ಆರಕ್ಕೆ ಮನೆಯ ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತೇನೆ.' ಡ್ರೈವಿಂಗ್ ಕಲಿಯುವವರಿಗೆ ತಾರೀಖನ್ನು ಆರ್‌ಟಿಒ ನಿಯಮವೇ ಕೊಡುತ್ತದೆ. ಎಲ್‌ಎಲ್ (ಕಲಿಕೆಯ ಲೈಸೆನ್ಸ್) ಸಿಕ್ಕ 30 ದಿನದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು, ಎಲ್‌ಎಲ್ ಅವಧಿ 6 ತಿಂಗಳು. 'ಮೂರನೇ ತಿಂಗಳು ಮುಗಿದರೂ ಪರೀಕ್ಷೆಗೆ ಹೋಗದಿದ್ದರೆ ಆ ವಾರವೇ ಸ್ಲಾಟ್ ಬುಕ್ ಮಾಡುತ್ತೇನೆ' ಎಂದು ಬರೆದಿಟ್ಟರೆ ಇನ್ನೂ ಮೂರು ತಿಂಗಳು ಕೈಯಲ್ಲಿರುತ್ತವೆ.

ಕೊನೆಯದಾಗಿ, ಮುಂದಿನ ಪರಿಶೀಲನೆಗೆ ಇಡೀ ವರ್ಷ ಕಾಯಬೇಡಿ. ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ ಕೊನೆಯ ಭಾನುವಾರಕ್ಕೆ ಫೋನಿನಲ್ಲಿ ಈಗಲೇ ಅಲಾರಂ ಇಡಿ. ಆ ದಿನ ಹೊಸ ಗುರಿ ಸೇರಿಸುವಂತಿಲ್ಲ. ಹದಿನೈದು ನಿಮಿಷ ಕೂತು ಎರಡನೆಯ ಮತ್ತು ಮೂರನೆಯ ಕಾಲಂ ಮಾತ್ರ ತುಂಬಿ. ಮನೆಯಲ್ಲಿ ಇನ್ನೊಬ್ಬರು ಪಕ್ಕದಲ್ಲಿ ಕೂತರೆ ಇನ್ನೂ ಒಳ್ಳೆಯದು, ಪಾಸ್‌ಬುಕ್ ಅವರ ಕೈಯಲ್ಲಿರಲಿ.