ಅಟ್ಟದ ಅನುಭವ ಹಡಗೇರುವ ಮುನ್ನ: ಸಣ್ಣ ಉದ್ದಿಮೆಯ ತಿಳಿವಳಿಕೆಯನ್ನು ದಾಖಲಿಸುವುದು ಹೇಗೆ?

ತಿಪಟೂರು ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಯಾವ ಕಾಯಿ ಒಡೆಯಲು ಸಿದ್ಧವಾಗಿದೆ ಎಂಬುದನ್ನು ಅನುಭವಸ್ಥರು ಕಿವಿಯ ಬಳಿ ಅಲುಗಾಡಿಸಿಯೇ ಹೇಳಬಲ್ಲರು. ಊರಿನ ಮಾರುಕಟ್ಟೆಯಲ್ಲಿ ಇಷ್ಟು ಸಾಕು, ಏಕೆಂದರೆ ಕೊಳ್ಳುವವರು ಸರಕನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ಕಡಲಾಚೆಯ ಖರೀದಿದಾರರಿಗೆ ಆ ಅವಕಾಶವಿಲ್ಲದ ಕಾರಣ ಅವರು ಮೊದಲು ಕೇಳುವುದು ದಾಖಲೆಯನ್ನು.

ವಿದೇಶಿ ಮಾರುಕಟ್ಟೆಗೆ ಕಾಲಿಡುವ ಉದ್ದಿಮೆಗೆ ದೊಡ್ಡ ಅಡ್ಡಿಯೆಂದರೆ ಆ ಮಾರುಕಟ್ಟೆಯ ಬಗೆಗಿನ ತಿಳಿವಳಿಕೆಯ ಕೊರತೆ ಎಂದು ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು 1977ರಲ್ಲಿ ವಿವರಿಸಿದ್ದರು. ಆ ತಿಳಿವಳಿಕೆ ಬಹುಮಟ್ಟಿಗೆ ವ್ಯವಹಾರ ಮಾಡುತ್ತಲೇ ಬರುತ್ತದೆ ಎಂಬುದು ಅವರ ವಾದ. ಹಾಗಿದ್ದರೆ, ಪ್ರತಿ ರವಾನೆಯೂ ಕಲಿಸಿದ್ದನ್ನು ಉಳಿಸಿಕೊಳ್ಳದ ಉದ್ದಿಮೆ ಪ್ರತಿ ಸಲವೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ತೆಂಗಿನ ಒಣಪುಡಿ ತಯಾರಿಸುವ, ಹದಿನೈದು ಜನ ದುಡಿಯುವ ಒಂದು ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಕೆಲಸದ ಕ್ರಮವನ್ನು ನೋಡೋಣ.

ಮೊದಲ ಹಂತದಲ್ಲಿ, ಯಾರು ಒಂದು ವಾರ ಬಾರದಿದ್ದರೆ ಯಾವ ಕೆಲಸ ನಿಲ್ಲುತ್ತದೆ ಎಂದು ಪಟ್ಟಿ ಮಾಡಬೇಕು. ಕರಟ ತೆಗೆಯುವವರು, ಕಂದು ಸಿಪ್ಪೆ ಹೆರೆಯುವವರು, ಡ್ರೈಯರ್ ನೋಡಿಕೊಳ್ಳುವವರು, ಲೆಕ್ಕಪತ್ರದವರು, ಮಾಲೀಕರು, ಹೀಗೆ ಎಲ್ಲರೂ ಅದರಲ್ಲಿರಲಿ. ಕಚೇರಿಯ ಕೆಲಸವನ್ನು ಇಲ್ಲಿ ಮರೆಯುವುದೇ ಹೆಚ್ಚು. ರಫ್ತಿಗೆ ಬೇಕಾದ, ಅಕ್ಷರ ಮತ್ತು ಅಂಕಿ ಸೇರಿ ಹತ್ತು ಸ್ಥಾನಗಳ ಐಇಸಿ (ಆಮದು-ರಫ್ತುದಾರರ ಗುರುತಿನ ಸಂಖ್ಯೆ) ವಿವರವನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಆನ್‌ಲೈನ್‌ನಲ್ಲಿ ದೃಢಪಡಿಸದಿದ್ದರೆ ಅದು ನಿಷ್ಕ್ರಿಯವಾಗಬಹುದು. ಆ ಖಾತೆಯ ಒಟಿಪಿ ಕೆಲಸ ಬಿಟ್ಟುಹೋದ ಗುಮಾಸ್ತರ ಮೊಬೈಲ್‌ಗೆ ಹೋಗುತ್ತಿದ್ದರೆ ಸರಕು ಸಿದ್ಧವಿದ್ದರೂ ಕದಲುವುದಿಲ್ಲ.

ಎರಡನೆಯ ಹಂತವೇ ಅತಿ ಕಷ್ಟದ್ದು, ಅದಕ್ಕೆ ಸಮಯ ಕೊಡಲೇಬೇಕು. ಡ್ರೈಯರ್ ನೋಡಿಕೊಳ್ಳುವವರನ್ನು ಕೂರಿಸಿ ‘ನೀವು ಹೇಗೆ ಮಾಡುತ್ತೀರಿ?’ ಎಂದರೆ ‘ಅಭ್ಯಾಸ ಆಗಿದೆ ಸಾರ್’ ಎಂಬ ಉತ್ತರವಷ್ಟೇ ಬರುತ್ತದೆ. ಅವರು ಕೆಲಸ ಮಾಡುತ್ತಿರುವಾಗಲೇ ಪಕ್ಕದಲ್ಲಿ ನಿಂತು, ಈಗ ಏಕೆ ಶಾಖ ತಗ್ಗಿಸಿದಿರಿ, ಹಿಡಿಯಲ್ಲಿ ಹಿಂಡಿ ಏನು ನೋಡಿದಿರಿ ಎಂದು ಕೇಳಿ, ಅವರದೇ ಮಾತಿನಲ್ಲಿ, ಕನ್ನಡದಲ್ಲಿ ಬರೆದುಕೊಳ್ಳಬೇಕು. ಮೊಬೈಲ್‌ನಲ್ಲಿ ವಿಡಿಯೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಕೈಯ ಅಂದಾಜಿನ ಪಕ್ಕದಲ್ಲಿ ತೇವಾಂಶ ಮಾಪಕದ ಅಂಕಿಯನ್ನೂ ಬರೆಯಬೇಕು. ಒಣಪುಡಿಯ ತೇವಾಂಶ ಸಾಮಾನ್ಯವಾಗಿ ಶೇ 3ನ್ನು ಮೀರಬಾರದು ಎಂದು ಖರೀದಿದಾರರು ಬಯಸುವುದರಿಂದ, ‘ಪುಡಿ ಬೆರಳಿಗೆ ಅಂಟದಷ್ಟು’ ಎಂಬ ಮಾತಿಗೆ ಅಂಕಿಯ ಜೊತೆ ಬೇಕೇ ಬೇಕು. ತಿಳಿದಿದ್ದನ್ನೆಲ್ಲ ಹೇಳಿಬಿಟ್ಟರೆ ತಮ್ಮ ಅಗತ್ಯವೇ ಇರುವುದಿಲ್ಲವೇನೋ ಎಂಬ ಅಳುಕು ಕೆಲಸಗಾರರಿಗೆ ಇರುವುದು ಸಹಜ. ದಾಖಲೆಯ ಮೇಲೆ ಅವರ ಹೆಸರನ್ನು ಬರೆಯುವುದು, ಹೊಸಬರಿಗೆ ಕಲಿಸುವ ಹೊಣೆಯನ್ನು ಸಂಬಳದ ಏರಿಕೆಯೊಂದಿಗೆ ಅವರಿಗೇ ಒಪ್ಪಿಸುವುದು ನ್ಯಾಯವಾದ ದಾರಿ ಎಂದು ನಾನು ನಂಬಿದ್ದೇನೆ.

ಮೂರನೆಯದು ಲಾಟ್ ಪುಸ್ತಕ, ಅಂದರೆ ಒಟ್ಟಿಗೆ ತಯಾರಾದ ಪ್ರತಿ ಕಂತಿನ ಸರಕಿನ ದಾಖಲೆ. ಕಾಯಿ ಯಾರ ತೋಟದ್ದು, ತೊಳೆದದ್ದು, ಬಿಸಿನೀರಿನಲ್ಲಿ ಸಂಸ್ಕರಿಸಿದ್ದು, ಒಣಗಿಸಿದ್ದು, ಚೀಲ ತುಂಬಿದ್ದು ಯಾವಾಗ ಎಂಬುದು ಒಂದೇ ಸಾಲಿನಲ್ಲಿ ಸಿಗಬೇಕು. ತೆಂಗಿನ ಒಣಪುಡಿಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಅಪಾಯವಿರುವುದರಿಂದ ಪ್ರಯೋಗಾಲಯದ ವರದಿಯ ಸಂಖ್ಯೆಯೂ ಅಲ್ಲೇ ಇರಲಿ.

ಬಳಿಕ ದೇಶಕ್ಕೊಂದು ಕಡತ ತೆರೆಯಬೇಕು. ಲೇಬಲ್ ನಿಯಮ, ಸುಂಕ ಲೆಕ್ಕಕ್ಕೆ ಸರಕನ್ನು ಗುರುತಿಸುವ ಸಂಖ್ಯೆ, ಖರೀದಿದಾರರ ಪತ್ರಗಳು, ಸರಕು ತಿರಸ್ಕೃತವಾಗಿದ್ದರೆ ಅದರ ಕಾರಣ, ಎಲ್ಲವೂ ದಿನಾಂಕ ಸಮೇತ ಅಲ್ಲಿರಲಿ. ನಮ್ಮ ಕಡೆಯ ನಿಯಮಗಳೂ ಬದಲಾಗುತ್ತವೆ. 2023ರ ಆಗಸ್ಟ್‌ನಲ್ಲಿ ಈರುಳ್ಳಿ ರಫ್ತಿನ ಮೇಲೆ ಕೇಂದ್ರ ಸರ್ಕಾರ ಶೇ 40ರ ಸುಂಕ ವಿಧಿಸಿತು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿಗೆ ಮುಂದಿನ ತಿಂಗಳು, ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರದ ಷರತ್ತಿನೊಂದಿಗೆ, ವಿನಾಯಿತಿ ದೊರೆಯಿತು. ಇಂಥ ಆದೇಶವನ್ನು ಗಮನಿಸುವ ಹೊಣೆ ಒಬ್ಬರ ಹೆಸರಿನಲ್ಲಿ ಇರಲೇಬೇಕು. ತೆಂಗಿನ ಉತ್ಪನ್ನಗಳಿಗಾದರೆ ನಾರಿನದನ್ನು ಬಿಟ್ಟು ಉಳಿದವಕ್ಕೆ ತೆಂಗು ಅಭಿವೃದ್ಧಿ ಮಂಡಳಿಯೇ ರಫ್ತು ಉತ್ತೇಜನ ಮಂಡಳಿಯಾಗಿದ್ದು, ನೋಂದಣಿಗೂ ಮಾಹಿತಿಗೂ ಅಲ್ಲಿ ವಿಚಾರಿಸಬಹುದು.

ಪ್ರತಿ ರವಾನೆಯ ಹಣ ಕೈಸೇರಿದ ವಾರದೊಳಗೆ ಎಲ್ಲರೂ ಅರ್ಧ ಗಂಟೆ ಕೂತು, ಅಂದುಕೊಂಡದ್ದೇನು, ಆದದ್ದೇನು, ಮುಂದಿನ ಸಲ ಬದಲಿಸುವುದೇನು ಎಂದು ಮಾತಾಡಿ ಕಡತಕ್ಕೆ ಸೇರಿಸಬೇಕು. ಜ್ಞಾನ ನಿರ್ವಹಣೆಗೆಂದೇ 2018ರಲ್ಲಿ ಐಎಸ್‌ಒ 30401 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿದೆ. ಸಣ್ಣ ಘಟಕ ಅದರ ಪ್ರಮಾಣಪತ್ರದ ಹಿಂದೆ ಬೀಳುವುದಕ್ಕಿಂತ ಈ ಅರ್ಧ ಗಂಟೆಯನ್ನು ತಪ್ಪಿಸದಿರುವುದು ಲೇಸು.

ಕೊನೆಯದಾಗಿ, ಬರೆದದ್ದನ್ನು ಪರೀಕ್ಷಿಸಬೇಕು. ಹೊಸಬರೊಬ್ಬರ ಕೈಗೆ ಪುಸ್ತಕ ಕೊಟ್ಟು ಒಂದು ದಿನ ಡ್ರೈಯರ್ ನಡೆಸಲು ಹೇಳಿ. ಹಳಬರು ಪಕ್ಕದಲ್ಲಿದ್ದು, ಅಪಾಯವಿಲ್ಲದಿದ್ದರೆ ಮಾತಾಡದೆ ನೋಡಲಿ. ಹೊಸಬರು ತಲೆಯೆತ್ತಿ ಅವರ ಮುಖ ನೋಡಿದ ಕಡೆಯಲ್ಲೆಲ್ಲ ಪುಸ್ತಕಕ್ಕೆ ಇನ್ನೊಂದು ಸಾಲು ಸೇರಿಸಬೇಕು.